ಟ್ಯೂಬಾಕ್ಕೊಂದು ಆಸರೆ

ಕೊಳಲು ನುಡಿಸುವವರು ವಾದ್ಯವನ್ನು ಚೀಲಕ್ಕೆ ಸೇರಿಸಿ ಎದ್ದು ಹೋಗುತ್ತಾರೆ. ಪಿಟೀಲಿಗೆ ಪೆಟ್ಟಿಗೆಯಿದೆ. ಟ್ಯೂಬಾ ನುಡಿಸುವವರು ಮಾತ್ರ ಕೊನೆಯ ಸ್ವರ ಮುಗಿದ ಮೇಲೂ 10 ಕೆಜಿ ಹಿತ್ತಾಳೆಯನ್ನು ತಬ್ಬಿಕೊಂಡು ಕೂತಿರುತ್ತಾರೆ, ಇದನ್ನೀಗ ಎಲ್ಲಿಡಲಿ ಎಂದು ಸುತ್ತ ನೋಡುತ್ತ.

ನನ್ನದು ಮೀರತ್‌ನಲ್ಲಿ ತಯಾರಾದ ಬಿ ಫ್ಲ್ಯಾಟ್ ಟ್ಯೂಬಾ. ನಮ್ಮ ದೇಶದ ಬಹುಪಾಲು ಬ್ಯಾಂಡ್ ವಾದ್ಯಗಳಿಗೆ ಆ ಊರೇ ತವರು. ಅಲ್ಲಿನ ನಾದಿರ್ ಅಲಿ ಕಂಪನಿ ಶುರುವಾದದ್ದು 1885ರಲ್ಲಿ. ನನ್ನ ಟ್ಯೂಬಾವನ್ನು ಒಂದು ಮದುವೆ ಬ್ಯಾಂಡಿನವರು ಮಾರುತ್ತಾರೆಂದು ತಿಳಿದು ಕೊಂಡುತಂದೆ. ಸುರುಳಿ ಬಿಚ್ಚಿ ನೇರ ಮಾಡಿದರೆ 18 ಅಡಿ ಕೊಳವೆ. ನಂದಿನಿ ಲೇಔಟಿನ 20×30 ಸೈಟಿನ ನಮ್ಮ ಮನೆಯ ಹಾಲಿನಲ್ಲಿ ಅದು ಊರಿಂದ ಬಂದ ನೆಂಟರಷ್ಟು ಜಾಗ ಕೇಳುತ್ತದೆ, ಕೇಳಲಿ.

ಈ ದನಿಗೆ ನಾನು ಮನಸೋತದ್ದು ಮೈಸೂರು ದಸರೆಯಲ್ಲಿ. ಜಂಬೂಸವಾರಿಯ ಪೊಲೀಸ್ ಬ್ಯಾಂಡು ಮುಂದೆ ಸಾಗಿ, ಟ್ರಂಪೆಟ್ಟಿನ ರಾಗ ಬೀದಿಯ ತಿರುವಿನಲ್ಲಿ ಕರಗಿದ ಮೇಲೂ ಮಂದ್ರದ ಆ ಗುಡುಗು ಕಟ್ಟಡಗಳನ್ನು ಬಳಸಿಕೊಂಡು ಬರುತ್ತಲೇ ಇತ್ತು. ಬರ್ಲಿನ್‌ನಲ್ಲಿ ವೀಪ್ರೆಕ್ಟ್ ಮತ್ತು ಮೊರಿಟ್ಸ್ 1835ರಲ್ಲಿ ಟ್ಯೂಬಾಕ್ಕೆ ಪೇಟೆಂಟ್ ಪಡೆದದ್ದೂ ಸೇನೆಯ ಬ್ಯಾಂಡುಗಳಿಗೆ ಇಂಥದೊಂದು ಬುನಾದಿ ಬೇಕೆಂದೇ.

ಇಷ್ಟು ಗಂಭೀರ ದನಿಯ ವಾದ್ಯದ ಮೈ ಮಾತ್ರ ಬಹಳ ನಾಜೂಕು. ಅದರ ಹಿತ್ತಾಳೆ ತಗಡು ಅರ್ಧ ಮಿಲಿಮೀಟರಿನ ಆಸುಪಾಸು. ಸೋಫಾಕ್ಕೆ ಒರಗಿಸಿದರೆ ಜಾರುತ್ತದೆ. ಅಡ್ಡ ಮಲಗಿಸಿದರೆ ಬೆಸುಗೆ ಹಾಕಿದ ಕೀಲುಗಳ ಮೇಲೆ ಭಾರ ಬೀಳುತ್ತದೆ. ಅಗಲ ಬಾಯನ್ನು ಕೆಳಗೆ ಮಾಡಿ ನಿಲ್ಲಿಸುವುದು ಬ್ಯಾಂಡಿನವರ ಹಳೆಯ ರೂಢಿ. ನಿಲ್ಲುವುದೇನೋ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಟೈಲ್ಸ್ ನೆಲಕ್ಕೆ ಉಜ್ಜಿ ಅಂಚು ಸವೆಯುತ್ತದೆ. ಪೆಟ್ಟಿಗೆಯೊಳಗಿಟ್ಟರೆ ಸುರಕ್ಷಿತ, ನಿಜ. ಆದರೆ ಮಂಚದಡಿ ಸೇರಿದ ಪೆಟ್ಟಿಗೆಯನ್ನು ಕೆಲಸದಿಂದ ದಣಿದು ಬಂದವರು ಯಾರೂ ಎಳೆದು ತೆಗೆಯುವುದಿಲ್ಲ. ಕಣ್ಣೆದುರು ನಿಂತ ವಾದ್ಯವನ್ನು ಕಾಫಿ ಕಾಯುವಷ್ಟರಲ್ಲೂ ಎತ್ತಿಕೊಂಡು ನಾಲ್ಕು ದೀರ್ಘ ಸ್ವರ ಹಿಡಿಯಬಹುದು. ಒಳ್ಳೆಯ ಸ್ಟ್ಯಾಂಡು ಸಾಧನೆಯನ್ನೇ ಹೆಚ್ಚಿಸುತ್ತದೆಂಬುದು ನನ್ನ ದೃಢ ನಂಬಿಕೆ.

ಅಂಗಡಿಯ ಸ್ಟ್ಯಾಂಡುಗಳನ್ನು ತಿರುವಿ ಮುರುವಿ ನೋಡುವುದೇ ಒಂದು ಸಂತೋಷ. ಜರ್ಮನಿಯ ಕ್ಯೋನಿಗ್ ಅಂಡ್ ಮೇಯರ್, ತೈವಾನಿನ ಹರ್ಕ್ಯುಲಿಸ್ ಇವೆಲ್ಲ ಮಡಚಿ ಒಯ್ಯಬಲ್ಲ ಅಚ್ಚುಕಟ್ಟಾದ ಸ್ಟ್ಯಾಂಡುಗಳನ್ನು ಮಾಡುತ್ತವೆ. ಕಾರ್ಯಕ್ರಮಕ್ಕೆ ಹೋಗುವವರಿಗೆ ಅವೇ ಸರಿ. ಮನೆಯಲ್ಲೇ ಇರುವ ವಾದ್ಯಕ್ಕೆ ಮಡಚುವ ಕಾಲು ಬೇಡವೆಂದು ನಾನು ತೀರ್ಮಾನಿಸಿದೆ. ಕೀಲು ಹೆಚ್ಚಿದಷ್ಟೂ ಅಲುಗಾಟ ಹೆಚ್ಚು. ಮಗ್ಗುಲಲ್ಲೇ ಲಗ್ಗೆರೆ, ಆಚೆಗೆ ಪೀಣ್ಯ. ಪೈಪು ಕತ್ತರಿಸಿ ಬೆಸೆಯುವವರಿಗೆ ನಮ್ಮಲ್ಲಿ ಬರವೇ?

ಲಗ್ಗೆರೆಯ ವೆಲ್ಡಿಂಗ್ ಅಂಗಡಿಯ ಹುಡುಗ ನಾನು ಬರೆದ ಸ್ಟ್ಯಾಂಡಿನ ಚಿತ್ರ ನೋಡಿದವನೇ, "ನಾಲ್ಕು ಕಾಲು ಇಟ್ಬಿಡೋಣ ಸಾರ್, ಗಟ್ಟಿಯಾಗಿರತ್ತೆ" ಎಂದ. ಅವನ ಮಾತಿನಲ್ಲಿ ಹುರುಳಿತ್ತು. ಯಾವುದೇ ಸ್ಟ್ಯಾಂಡು ಉರುಳುವುದು ಎರಡು ಕಾಲುಗಳ ನಡುವಿನ ಖಾಲಿ ಕಡೆಗೆ. ಮಧ್ಯದಿಂದ ಕಾಲು 40 ಸೆಂಟಿಮೀಟರ್ ಚಾಚಿದ್ದರೆ, ಆ ಖಾಲಿ ಅಂಚು ಮೂರು ಕಾಲಿನಲ್ಲಿ 20 ಸೆಂಟಿಮೀಟರಿಗೇ ಬಂದುಬಿಡುತ್ತದೆ. ನಾಲ್ಕು ಕಾಲಿನಲ್ಲಿ 28ರವರೆಗೆ ಇರುತ್ತದೆ. ಆದರೆ ನೆಲ ಸ್ವಲ್ಪ ಏರುಪೇರಾದರೂ ನಾಲ್ಕು ಕಾಲಿನದು ಕುಲುಕುತ್ತದೆ, ಮೂರು ಕಾಲಿನದು ಎಲ್ಲಿಟ್ಟರೂ ಕೂರುತ್ತದೆ. ಮೂರೇ ಇರಲಿ, ಉದ್ದ ಹೆಚ್ಚಿಸು, ಅದರಲ್ಲೊಂದು ಕಾಲು ವಾಲ್ವುಗಳ ಕಡೆಗೇ ಬರಲಿ ಎಂದೆ. ವಾಲ್ವುಗಳಿರುವ ಕಡೆಯೇ ತೂಕ ಹೆಚ್ಚು. ಅವನು ಮೊದಲು ಬರೀ ಟ್ಯಾಕ್ ಹೊಡೆದು, ಅಂದರೆ ಅಲ್ಲಲ್ಲಿ ಚುಕ್ಕಿ ಬೆಸುಗೆ ಹಾಕಿ, ನಿಲ್ಲಿಸಿದ. ಟ್ಯೂಬಾವನ್ನು ಕೂರಿಸಿ, ಬಾಯಿಯ ಅಂಚು ಹಿಡಿದು ಎಲ್ಲ ದಿಕ್ಕಿಗೂ ಮೆಲ್ಲಗೆ ತಳ್ಳಿ ನೋಡಿದೆವು. ಒಂದು ಕಾಲನ್ನು ಬಿಚ್ಚಿ ಇನ್ನಷ್ಟು ಉದ್ದ ಮಾಡಿ, ಆಮೇಲೆ ಪೂರ್ತಿ ಬೆಸೆದ. ತೂಗಿ ನೋಡುವ ಆ ಹೊತ್ತಿನಲ್ಲಿ ಅವನೂ ನನ್ನಷ್ಟೇ ತಲ್ಲೀನನಾಗಿದ್ದ.

ಕೆಳಗಿನ ಬಾಗು ಕೂರುವ ತೊಟ್ಟಿಲಿಗೆ ರಬ್ಬರ್ ಸುತ್ತೋಣವೆಂದ, ಬೇಡವೆಂದೆ. ರಬ್ಬರಿನಲ್ಲಿ ಗಂಧಕವಿರುತ್ತದೆ, ಬೆಳ್ಳಿ ಲೇಪವಿದ್ದರೆ ಕಪ್ಪಾಗಿಸುತ್ತದೆ. ನನ್ನದಕ್ಕೆ ಬೆಳ್ಳಿಯಿಲ್ಲವಾದರೂ ದಪ್ಪ ಫೆಲ್ಟ್ ಬಟ್ಟೆಯನ್ನೇ ಅಂಟಿಸಿದೆ, ಬಾಯಿಯ ಕೊರಳಿಗೆ ಆತುಕೊಳ್ಳುವ ಕವೆಗೂ ಅದನ್ನೇ. ರಬ್ಬರಿಗೆ ಪಾದದಡಿ ಜಾಗ ಕೊಟ್ಟೆ, ಅಲ್ಲಿ ಅದು ಟೈಲ್ಸನ್ನು ಚೆನ್ನಾಗಿ ಹಿಡಿಯುತ್ತದೆ.

ಈಗ ಅದೇ ಹುಡುಗನ ಹತ್ತಿರ ಇನ್ನೊಂದು ಕೆಲಸವಿದೆ: ನುಡಿಸುವಾಗ ತೊಡೆಯ ಬದಲು ತಾನು ಭಾರ ಹೊರುವ ಗಿಡ್ಡ ಸ್ಟ್ಯಾಂಡು. ಅದಕ್ಕೆ ಎತ್ತರ ಹೊಂದಿಸುವ ಸ್ಕ್ರೂ ಬೇಕೇ ಬೇಕು. ಬಾಯಿಕಟ್ಟು ತಾನಾಗಿ ತುಟಿಯ ಮಟ್ಟಕ್ಕೆ ಬರಬೇಕು. ಅದು ತಗ್ಗಿದ್ದರೆ ಬೆನ್ನು ಬಾಗಿ ಉಸಿರು ಮೊಟಕಾಗುತ್ತದೆ, ಮಂದ್ರ ಸ್ವರಗಳಿಗೆ ಬೇಕಾದದ್ದೇ ಆ ಉಸಿರು. ಕುರ್ಚಿಯ ಎತ್ತರವನ್ನು ಅಳೆದು ಕೊಟ್ಟಿದ್ದೇನೆ.