ಮರಳಿಸಲಾದವರು

ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ‘ಹಿಂತಿರುಗಿಸಲಾಗಿದೆ’ ಎಂಬ ಮಾತಿನಷ್ಟು ಪರಿಚಿತವಾದ ಮಾತು ಇನ್ನೊಂದಿಲ್ಲ. ಸಹಿ ಇಲ್ಲದ ಬಿಲ್ಲು, ಲಗತ್ತುಗಳಿಲ್ಲದ ಅರ್ಜಿ, ತಪ್ಪು ವಿಭಾಗಕ್ಕೆ ಬಂದ ಕಡತ ಇವನ್ನೆಲ್ಲ ಹಿಂತಿರುಗಿಸುತ್ತೇವೆ. ಹೋದದ್ದು ಸರಿಪಡಿಸಿಕೊಂಡು ಮತ್ತೆ ಬರುತ್ತದೆ, ಬರಬಹುದೆಂಬ ನಂಬಿಕೆಯಲ್ಲಿಯೇ ನಾವು ಅದನ್ನು ಕಳಿಸುತ್ತೇವೆ. ಈ ಕ್ರಿಯಾಪದ ವಸ್ತುಗಳನ್ನು ಬಿಟ್ಟು ಮನುಷ್ಯರಿಗೆ ಅನ್ವಯವಾದಾಗ ಅದರ ಅರ್ಥ ಎಷ್ಟು ಬದಲಾಗುತ್ತದೆ ಎಂಬುದನ್ನು ನಾನು ತಿಳಿದದ್ದು ಕಚೇರಿಯಲ್ಲಲ್ಲ, ದೆಹಲಿಯ ಭೋಗಲ್‌ನ ಒಂದು ರೊಟ್ಟಿ ಅಂಗಡಿಯಲ್ಲಿ.

ಲಾಜಪತ್ ನಗರ, ಭೋಗಲ್ ಕಡೆ ಓಡಾಡಿದವರಿಗೆ ಅಲ್ಲಿಯ ಆಫ್ಘನ್ ನಾನ್ ಅಂಗಡಿಗಳು ಗೊತ್ತು. ನಮ್ಮ ದೇಶ ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸಹಿ ಹಾಕಿಲ್ಲ. ಆದರೂ ಸಾವಿರಾರು ಆಫ್ಘನ್ನರು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ಕಾರ್ಡು ಹಿಡಿದು ಇಲ್ಲಿ ಬದುಕುತ್ತಿದ್ದಾರೆ. ನಾನು ವಾರಕ್ಕೊಮ್ಮೆ ಹೋಗುತ್ತಿದ್ದ ಅಂಗಡಿಯ ಯಜಮಾನ ಒಂದು ಚಳಿಗಾಲದ ಸಂಜೆ ಗಲ್ಲಾದ ಕೆಳಗಿನಿಂದ ನಾಲ್ಕೈದು ಹಾಳೆಗಳನ್ನು ತೆಗೆದು ಮುಂದಿಟ್ಟ. ‘ಸಾಹೇಬ್, ನೀವು ಅಂಗ್ರೇಜಿ ಓದಿದವರು. ಇದರಲ್ಲಿ ಏನು ಬರೆದಿದ್ದಾರೆ, ನೇರವಾಗಿ ಹೇಳಿಬಿಡಿ’ ಎಂದ. ಪಶ್ಚಿಮದ ಒಂದು ದೇಶದಲ್ಲಿ ಆಶ್ರಯ ಕೇಳಿದ್ದ ಅವನ ತಮ್ಮನಿಗೆ ಬಂದ ಉತ್ತರದ ಪ್ರತಿ ಅದು.

ಇಂಗ್ಲಿಷ್ ಎಂ.ಎ. ಮಾಡಿದವನಿಗೆ ಆ ಪತ್ರದ ಭಾಷೆ ಕಷ್ಟವೇನೂ ಆಗಲಿಲ್ಲ. ಕಷ್ಟವಾದದ್ದು ಅದು ತೀರ ಪರಿಚಿತವಾಗಿತ್ತು ಎಂಬುದು. ಎಲ್ಲಿಯೂ ‘ನಾನು’ ಇಲ್ಲ, ‘ನಾವು’ ಇಲ್ಲ. ಎಲ್ಲವೂ ಕರ್ಮಣಿ ಪ್ರಯೋಗ. ಪರಿಶೀಲಿಸಲಾಗಿದೆ, ಗಮನಿಸಲಾಗಿದೆ, ಒಪ್ಪಲಾಗಿಲ್ಲ. ವಾದಗಳು ಮೂರು. ಅರ್ಜಿದಾರನು ಮೊದಲ ಸಂದರ್ಶನದಲ್ಲಿ ಹೇಳಿದ ದಿನಾಂಕಕ್ಕೂ ಎರಡನೆಯದರಲ್ಲಿ ಹೇಳಿದ್ದಕ್ಕೂ ಹೊಂದಾಣಿಕೆ ಇಲ್ಲ. ಅವನ ಊರಿನಲ್ಲಿ ಅಪಾಯವಿದ್ದರೂ ಅದು ಎಲ್ಲರಿಗೂ ಇರುವ ಅಪಾಯವೇ ಹೊರತು ಅವನೊಬ್ಬನನ್ನು ಗುರಿಯಾಗಿಸಿಕೊಂಡದ್ದಲ್ಲ. ಕೊನೆಯದಾಗಿ, ತನ್ನ ಪ್ರಾಂತ್ಯಕ್ಕೆ ಹೋಗಲಾಗದಿದ್ದರೆ ಅವನು ಕಾಬೂಲಿನಲ್ಲಿ ನೆಲೆಸಬಹುದು. ಆರೋಗ್ಯವಂತನಾದ ಯುವಕನಿಂದ ಅಷ್ಟನ್ನು ನಿರೀಕ್ಷಿಸುವುದು ಸಮಂಜಸ.

‘ಸಮಂಜಸ ಅಂದರೆ ಏನು?’ ಎಂದು ಅವನು ಕೇಳಿದ. ನಾನು ಹಿಂದಿಯಲ್ಲಿ ಏನೋ ವಿವರಿಸಿದೆ. ಅವನು ಕೇಳಿಸಿಕೊಂಡು, ‘ಕಾಬೂಲಿನಲ್ಲಿ ನಮಗೆ ಯಾರೂ ಇಲ್ಲ. ಇದ್ದಿದ್ದರೆ ನಾನು ಭೋಗಲ್‌ನಲ್ಲಿ ಯಾಕೆ ರೊಟ್ಟಿ ಸುಡುತ್ತಿದ್ದೆ?’ ಎಂದು ಹಾಳೆಗಳನ್ನು ಮಡಿಚಿಟ್ಟ. ಕೆಲವು ತಿಂಗಳ ನಂತರ ತಮ್ಮನನ್ನು ಕಾಬೂಲಿಗೆ ಕಳಿಸಿದರೆಂದೂ, ಅವನು ಹೆಚ್ಚು ದಿನ ಅಲ್ಲಿರದೆ ಇರಾನಿನ ಗಡಿ ದಾಟಿದನೆಂದೂ ತಿಳಿಯಿತು. ಮುಂದಿನದು ಅಣ್ಣನಿಗೂ ಗೊತ್ತಿರಲಿಲ್ಲ.

ಹೊರನಾಡಿನಲ್ಲಿರುವ ನಮಗೆ ‘ಊರಿಗೆ ಹೋಗುವುದು’ ಎಂಬುದಕ್ಕಿಂತ ಸಿಹಿಯಾದ ಮಾತಿಲ್ಲ. ಕರ್ನಾಟಕ ಎಕ್ಸ್‌ಪ್ರೆಸ್ಸಿನ ಟಿಕೆಟ್ಟು ಖಾತ್ರಿಯಾದ ದಿನದ ಸಂತೋಷ ದೆಹಲಿಯ ಕನ್ನಡಿಗರಿಗೆಲ್ಲ ಗೊತ್ತು. ಅದೇ ಮಾತು ಒಬ್ಬನಿಗೆ ಶಿಕ್ಷೆಯಾಗಿ ಕೇಳಿಸಬಲ್ಲದು ಎಂಬುದನ್ನು ಅರಗಿಸಿಕೊಳ್ಳಲು ನನಗೆ ಸಮಯ ಹಿಡಿಯಿತು.

ಆಶ್ರಯ ಕೇಳಿ ಬಂದವನನ್ನು ಸಂಶಯದಿಂದ ನೋಡುವುದು ಹೊಸತಲ್ಲ, ತಪ್ಪೂ ಅಲ್ಲ. ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ ವಿಭೀಷಣ ನಾಲ್ವರು ಸಂಗಡಿಗರೊಡನೆ ಬಂದು ಆಕಾಶದಲ್ಲಿ ನಿಂತಾಗ ಕೆಳಗೆ ನಡೆಯುವುದು ಅಕ್ಷರಶಃ ಒಂದು ವಿಚಾರಣೆ. ಶತ್ರುವಿನ ತಮ್ಮ, ಕೊಲ್ಲಬೇಕು ಎನ್ನುತ್ತಾನೆ ಸುಗ್ರೀವ. ಅಂಗದ ಪರೀಕ್ಷಿಸೋಣ ಎನ್ನುತ್ತಾನೆ. ಶರಭ ಗೂಢಚಾರನನ್ನು ಬಿಡಲು ಹೇಳುತ್ತಾನೆ. ಬಂದ ಹೊತ್ತು, ಬಂದ ಜಾಗ ಎರಡೂ ಸರಿಯಿಲ್ಲ ಎಂಬುದು ಜಾಂಬವಂತನ ಅನುಮಾನ. ಮೈಂದ ಮೆಲ್ಲಗೆ ಪ್ರಶ್ನಿಸಿ ತಿಳಿಯೋಣ ಎನ್ನುತ್ತಾನೆ. ಹನುಮಂತನೊಬ್ಬನೇ ಅವನ ಮಾತಿನಲ್ಲಿ, ಮುಖದಲ್ಲಿ ಕಪಟ ಕಾಣಲಿಲ್ಲ ಎನ್ನುತ್ತಾನೆ. ಎಲ್ಲರನ್ನೂ ಕೇಳಿದ ಮೇಲೆ ರಾಮ ಅಭಯ ಕೊಡುತ್ತಾನೆ. ಇಂದಿನ ಯಾವುದೇ ದೇಶದ ವಲಸೆ ಇಲಾಖೆಯಲ್ಲಿ ಈ ಎಲ್ಲ ದನಿಗಳೂ ಇವೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಅವನನ್ನು ರಾವಣನ ಕೈಗೇ ಮರಳಿ ಒಪ್ಪಿಸಿಬಿಡೋಣ ಎಂಬ ಸಲಹೆ ಆ ಸಭೆಯಲ್ಲಿ ಯಾರ ಬಾಯಿಂದಲೂ ಬರುವುದಿಲ್ಲ.

ಆಧುನಿಕ ಜಗತ್ತು ಈ ವಿವೇಕವನ್ನು ಕಲಿತದ್ದು ದುಬಾರಿ ಬೆಲೆ ತೆತ್ತು. 1939ರ ಮೇ ತಿಂಗಳಲ್ಲಿ ಹ್ಯಾಂಬರ್ಗಿನಿಂದ ಹೊರಟ ಸೇಂಟ್ ಲೂಯಿಸ್ ಎಂಬ ಹಡಗಿನಲ್ಲಿ 937 ಪ್ರಯಾಣಿಕರಿದ್ದರು, ಬಹುತೇಕ ಎಲ್ಲರೂ ಯೆಹೂದಿಗಳು. ಕ್ಯೂಬಾ ಬೆರಳೆಣಿಕೆಯ ಜನರನ್ನಷ್ಟೇ ಇಳಿಸಿಕೊಂಡಿತು, ಅಮೆರಿಕ ಬಾಗಿಲು ತೆರೆಯಲಿಲ್ಲ. ಹಡಗು ಯೂರೋಪಿಗೆ ಮರಳಿತು. ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್ ಅವರನ್ನು ಹಂಚಿಕೊಂಡವು. ಹಿಟ್ಲರನ ಸೇನೆ ಈ ಕೊನೆಯ ಮೂರು ದೇಶಗಳನ್ನು ಆಕ್ರಮಿಸಿದ ಮೇಲೆ ಆ ಪ್ರಯಾಣಿಕರಲ್ಲಿ 254 ಮಂದಿ ನರಮೇಧದಲ್ಲಿ ಸತ್ತರು. ಇಂಥ ನೆನಪುಗಳ ನೆರಳಿನಲ್ಲಿ ಬರೆಯಲಾದದ್ದು 1951ರ ಒಡಂಬಡಿಕೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ನೆಲಕ್ಕೆ ನಿರಾಶ್ರಿತನನ್ನು ಯಾವ ರೀತಿಯಿಂದಲೂ ಮರಳಿಸಬಾರದು ಎಂದು ಅದರ 33ನೆಯ ವಿಧಿ ಹೇಳುತ್ತದೆ. ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1989ರ ಸೋರಿಂಗ್ ತೀರ್ಪಿನಿಂದಾಚೆಗೆ ಇನ್ನೂ ಮುಂದೆ ಹೋಗಿ, ಚಿತ್ರಹಿಂಸೆಯ ನಿಜವಾದ ಅಪಾಯವಿರುವ ಕಡೆಗೆ ಯಾರನ್ನೂ, ಅಪರಾಧಿಯನ್ನು ಸಹ, ಕಳಿಸುವಂತಿಲ್ಲ ಎಂದಿತು.

ಕಾನೂನು ಇಷ್ಟು ಸ್ಪಷ್ಟವಾಗಿರುವಾಗ ಭೋಗಲ್‌ನ ಆ ಪತ್ರ ಹೇಗೆ ಸಾಧ್ಯವಾಯಿತು? ‘ಅಪಾಯವಿಲ್ಲ’ ಎಂದು ಮೊದಲು ಬರೆದುಬಿಟ್ಟರೆ ಕಾನೂನು ಮುರಿದಂತಾಗುವುದಿಲ್ಲ ಎಂಬುದರಿಂದ. ಹಾಗಾಗಿ ಎಲ್ಲವೂ ನಿಂತಿರುವುದು ವಾಸ್ತವಾಂಶದ ಆ ಒಂದು ವಾಕ್ಯದ ಮೇಲೆ. ಆ ವಾಕ್ಯವೋ ದೇಶದಿಂದ ದೇಶಕ್ಕೆ ಬದಲಾಗುತ್ತಿತ್ತು. ಅದೇ ವರ್ಷಗಳಲ್ಲಿ ಆಫ್ಘನ್ನರ ಅರ್ಜಿಗಳು ಇಟಲಿಯಲ್ಲಿ ಬಹುಪಾಲು ಮಂಜೂರಾದರೆ, ಬಲ್ಗೇರಿಯಾದಲ್ಲಿ ಬಹುಪಾಲು ತಿರಸ್ಕೃತವಾದವು. ಕಾಬೂಲ್ ಒಂದೇ, ಅದರ ಬಗೆಗಿನ ಸತ್ಯ ಮಾತ್ರ ಎರಡು.

2016ರ ಅಕ್ಟೋಬರ್ 2ರಂದು ಯೂರೋಪಿಯನ್ ಒಕ್ಕೂಟ ಮತ್ತು ಆಫ್ಘಾನಿಸ್ತಾನ ಸರ್ಕಾರ ಮರಳಿಸುವಿಕೆಯ ಒಪ್ಪಂದವೊಂದಕ್ಕೆ ಸಹಿ ಹಾಕಿದವು. ಅದೇ ವಾರ ಬ್ರಸೆಲ್ಸಿನ ಸಮ್ಮೇಳನದಲ್ಲಿ ಆ ದೇಶಕ್ಕೆ 1,520 ಕೋಟಿ ಡಾಲರ್ ನೆರವಿನ ಭರವಸೆ ಸಿಕ್ಕಿತು. ಡಿಸೆಂಬರ್ 14ರಂದು ಫ್ರಾಂಕ್‌ಫರ್ಟಿನಿಂದ 34 ಮಂದಿಯನ್ನು ಹೊತ್ತ ಮೊದಲ ವಿಶೇಷ ವಿಮಾನ ಕಾಬೂಲಿಗೆ ಹಾರಿತು. 2017ರ ಮೇ 31ರಂದು ಕಾಬೂಲಿನಲ್ಲಿ ಟ್ರಕ್ ಬಾಂಬ್ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತಾಗ ಜರ್ಮನಿಯ ರಾಯಭಾರ ಕಚೇರಿಯೇ ಜಖಂಗೊಂಡಿತು. ವಿಮಾನಗಳು ಕೆಲಕಾಲ ನಿಂತು ಮತ್ತೆ ಆರಂಭವಾದವು. 2018ರಲ್ಲಿ ಆಫ್ಘಾನಿಸ್ತಾನದಲ್ಲಿ 3,804 ನಾಗರಿಕರು ಸತ್ತರೆಂದು ವಿಶ್ವಸಂಸ್ಥೆ ದಾಖಲಿಸಿತು. ಅದು ಲೆಕ್ಕವಿಡಲು ತೊಡಗಿದಂದಿನಿಂದ ಅಲ್ಲಿಯವರೆಗಿನ ಅತಿ ದೊಡ್ಡ ಸಂಖ್ಯೆ. ಅದೇ ವರ್ಷದ ಜುಲೈಯಲ್ಲಿ ಜರ್ಮನಿಯ ಗೃಹಸಚಿವ ಹೋರ್ಸ್ಟ್ ಸೀಹೋಫರ್, ತನ್ನ 69ನೆಯ ಹುಟ್ಟುಹಬ್ಬಕ್ಕೆ ಸರಿಯಾಗಿ 69 ಮಂದಿಯನ್ನು ಕಳಿಸಲಾಯಿತೆಂದು ಪತ್ರಿಕಾಗೋಷ್ಠಿಯಲ್ಲಿ ನಗುತ್ತ ಹೇಳಿದರು. ಆ 69 ಮಂದಿಯಲ್ಲಿ ಒಬ್ಬ ಯುವಕ ಕಾಬೂಲಿನ ತಾತ್ಕಾಲಿಕ ವಸತಿಯಲ್ಲಿ ತನ್ನ ಜೀವ ತಾನೇ ತೆಗೆದುಕೊಂಡ ಸುದ್ದಿ ಅದರ ಬೆನ್ನಿಗೇ ಬಂತು.

ಇಷ್ಟು ಹೇಳಿ ಆಡಳಿತವನ್ನು ಶಪಿಸಿ ಮುಗಿಸುವುದು ಸುಲಭ. ಆದರೆ ಆಡಳಿತದೊಳಗೇ ಬದುಕುವ ನನಗೆ ಇನ್ನೊಂದು ಬದಿಯೂ ಕಾಣುತ್ತದೆ. ಅರ್ಜಿಗಳನ್ನು ಪರಿಶೀಲಿಸಿ ‘ಹೌದು’, ‘ಇಲ್ಲ’ ಎಂದು ಹೇಳುವ ವ್ಯವಸ್ಥೆಯಲ್ಲಿ ‘ಇಲ್ಲ’ ಎಂಬುದಕ್ಕೆ ಯಾವ ಪರಿಣಾಮವೂ ಇಲ್ಲದಿದ್ದರೆ ‘ಹೌದು’ ಎಂಬುದಕ್ಕೂ ಬೆಲೆ ಉಳಿಯುವುದಿಲ್ಲ. ಆಶ್ರಯ ಕೇಳುವವರೆಲ್ಲ ಸಾವಿಗಂಜಿ ಬಂದವರಲ್ಲ. ಬಡತನಕ್ಕಂಜಿ ಬಂದವರೂ ಇದ್ದಾರೆ, ಸುಳ್ಳು ಹೇಳುವವರೂ ಇದ್ದಾರೆ. ಸುರಕ್ಷಿತವಾದ ದೇಶಕ್ಕೆ ಮರಳಿಸುವುದು ಅನ್ಯಾಯವಲ್ಲ. ಇದನ್ನು ನಾನು ಒಪ್ಪುತ್ತೇನೆ.

ಒಪ್ಪಲಾಗದ್ದು, ಈ ನಿರ್ಣಯವನ್ನು ಉಳಿದ ನಿರ್ಣಯಗಳಂತೆ ಕಾಣುವುದನ್ನು. ಒಬ್ಬನ ಪಿಂಚಣಿಯನ್ನು ತಪ್ಪಾಗಿ ನಿರಾಕರಿಸಿದರೆ ಹತ್ತು ವರ್ಷದ ನಂತರವಾದರೂ ಬಾಕಿ ಸಮೇತ ಕೊಡಬಹುದು. ವರ್ಗಾವಣೆಯ ಆದೇಶವನ್ನು ರದ್ದುಮಾಡಬಹುದು. ಆದರೆ ಮರಳಿಸಿದವನು ಸೆರೆಯಾದರೆ, ಸತ್ತರೆ, ಕಡತವನ್ನು ಮತ್ತೆ ತೆರೆದು ಏನು ಮಾಡುವುದು? ತಪ್ಪು ಎರಡು ಬಗೆಯಲ್ಲಿ ಆಗಬಹುದು: ಅರ್ಹನಲ್ಲದವನಿಗೆ ಆಶ್ರಯ ಸಿಗಬಹುದು, ಅರ್ಹನಿಗೆ ತಪ್ಪಬಹುದು. ಈ ಎರಡು ತಪ್ಪುಗಳ ತೂಕ ಒಂದೇ ಅಲ್ಲ.

ಇದಕ್ಕೆ ಶ್ರೀಲಂಕಾದ ಐವರು ತಮಿಳರ ಪ್ರಕರಣಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. 1987ರ ಭಾರತ–ಶ್ರೀಲಂಕಾ ಒಪ್ಪಂದದ ನಂತರ ನಮ್ಮ ಶಾಂತಿಪಾಲನಾ ಪಡೆ ಆ ದ್ವೀಪದ ಉತ್ತರದಲ್ಲಿದ್ದ ಕಾಲ. ಬ್ರಿಟನ್ ಇವರ ಅರ್ಜಿಗಳನ್ನು ತಿರಸ್ಕರಿಸಿತು, ಅಲ್ಲಿಯ ಅತ್ಯುಚ್ಚ ನ್ಯಾಯಪೀಠ ಅದನ್ನು ಎತ್ತಿಹಿಡಿಯಿತು, 1988ರ ಫೆಬ್ರವರಿಯಲ್ಲಿ ಅವರನ್ನು ಕೊಲಂಬೊಗೆ ಕಳಿಸಲಾಯಿತು. ಅಂದಿನ ನಿಯಮದಂತೆ ಅವರು ಮೇಲ್ಮನವಿ ಸಲ್ಲಿಸಬಹುದಿತ್ತು, ಆದರೆ ಬ್ರಿಟನ್ನಿನ ಹೊರಗಿನಿಂದ ಮಾತ್ರ. ಅಂದರೆ, ಅಪಾಯವಿದೆ ಎಂದು ವಾದಿಸಲು ಅವರು ಮೊದಲು ಆ ಅಪಾಯದೊಳಗೆ ಹೋಗಿ ನಿಲ್ಲಬೇಕಿತ್ತು. ಮರಳಿದವರಲ್ಲಿ ಮೂವರು ಹಿಂಸೆಗೆ ಒಳಗಾದರು. 1989ರಲ್ಲಿ ಮೇಲ್ಮನವಿ ಗೆದ್ದಿತು, ಅವರಿಗೆ ಬ್ರಿಟನ್ನಿಗೆ ಮರಳಲು ಅನುಮತಿ ದೊರೆಯಿತು. ಆದರೆ 1991ರಲ್ಲಿ ಯೂರೋಪಿನ ನ್ಯಾಯಾಲಯ, ಕಳಿಸಿದ ಹೊತ್ತಿನಲ್ಲಿ ಬ್ರಿಟನ್ನಿನ ಮುಂದಿದ್ದ ಮಾಹಿತಿಯ ಪ್ರಕಾರ ಹಕ್ಕಿನ ಉಲ್ಲಂಘನೆ ಆಗಿಲ್ಲ ಎಂದಿತು. ಕಾಗದದ ಮೇಲೆ ಎಲ್ಲರೂ ಸರಿ. ಪೆಟ್ಟು ತಿಂದವರು ಮಾತ್ರ ತಿಂದರು.

2021ರ ಆಗಸ್ಟ್ ತಿಂಗಳ ಆರಂಭದಲ್ಲಿ ಜರ್ಮನಿ, ಆಸ್ಟ್ರಿಯಾ, ಬೆಲ್ಜಿಯಂ, ಡೆನ್ಮಾರ್ಕ್, ಗ್ರೀಸ್, ನೆದರ್ಲೆಂಡ್ಸ್ ಒಟ್ಟಾಗಿ ಯೂರೋಪಿಯನ್ ಆಯೋಗಕ್ಕೆ ಪತ್ರ ಬರೆದವು: ಆಫ್ಘಾನಿಸ್ತಾನಕ್ಕೆ ಮರಳಿಸುವುದನ್ನು ನಿಲ್ಲಿಸಿದರೆ ತಪ್ಪು ಸಂದೇಶ ಹೋಗುತ್ತದೆ ಎಂದು. ಆಗಸ್ಟ್ 11ರಂದು ಜರ್ಮನಿ, ನೆದರ್ಲೆಂಡ್ಸ್ ಎರಡೂ ಮರಳಿಸುವಿಕೆಯನ್ನು ಸ್ಥಗಿತಗೊಳಿಸಿದವು. ಆಗಸ್ಟ್ 15ರಂದು ಕಾಬೂಲ್ ತಾಲಿಬಾನಿನ ವಶವಾಯಿತು. ಅದೇ ತಿಂಗಳು ದೆಹಲಿಯ ವಸಂತ ವಿಹಾರದಲ್ಲಿ, ಹೈಕಮಿಷನರ್ ಕಚೇರಿಯ ಎದುರು ಆಫ್ಘನ್ನರು ಹೆಂಗಸರು ಮಕ್ಕಳೊಂದಿಗೆ ದಿನಗಟ್ಟಲೆ ಕುಳಿತರು. ‘ಕಾಬೂಲಿನಲ್ಲಿ ನೆಲೆಸುವುದು ಸಮಂಜಸ’ ಎಂದು ಬರೆದವರೆಲ್ಲ ಕೆಟ್ಟವರಾಗಿರಲಿಲ್ಲ. ಎರಡು ವಾರ ಮುಂದಿನದನ್ನು ಆರು ಸರ್ಕಾರಗಳು ಊಹಿಸಲಾಗದಿದ್ದಾಗ, ಒಬ್ಬ ಗುಮಾಸ್ತ ಅಷ್ಟು ಖಚಿತವಾಗಿ ಬರೆಯುವಂತೆ ವ್ಯವಸ್ಥೆ ಅವನನ್ನು ಒತ್ತಾಯಿಸಿತ್ತು.

ಆಮೇಲೂ ಚಕ್ರ ನಿಂತಿಲ್ಲ. 2023ರ ಅಕ್ಟೋಬರಿನಲ್ಲಿ ಪಾಕಿಸ್ತಾನ, ದಾಖಲೆಯಿಲ್ಲದ ವಿದೇಶಿಯರು ನವೆಂಬರ್ 1ರೊಳಗೆ ದೇಶ ಬಿಡಬೇಕೆಂದಿತು. ಲಕ್ಷಾಂತರ ಆಫ್ಘನ್ನರು ಗಂಟುಮೂಟೆ ಕಟ್ಟಿ ತೋರ್ಖಮ್, ಚಮನ್ ಗಡಿಗಳನ್ನು ದಾಟಿದರು. 2024ರ ಆಗಸ್ಟ್ 30ರಂದು ಜರ್ಮನಿ, ಅಪರಾಧಗಳಲ್ಲಿ ಶಿಕ್ಷೆಯಾಗಿದ್ದ 28 ಮಂದಿಯನ್ನು ತಾಲಿಬಾನ್ ಆಳುತ್ತಿರುವ ಅದೇ ಕಾಬೂಲಿಗೆ ಕಳಿಸಿತು.

ನನ್ನ ಕಸುಬು ನನಗೆ ಕಲಿಸಿದ ಒಂದು ಸಣ್ಣ ಶಿಸ್ತಿದೆ: ಆದೇಶ ಹೊರಡಿಸಿದ ಮೇಲೆ ಕೈಗೊಂಡ ಕ್ರಮದ ವರದಿ ಬರಬೇಕು. ಒಂದು ಕುರ್ಚಿಯ ದುರಸ್ತಿಗೂ ನಾವು ಆ ವರದಿ ಕೇಳುತ್ತೇವೆ. ಮರಳಿಸಲಾದವರ ಕಡತ ಮಾತ್ರ ವಿಮಾನ ಇಳಿದ ಹೊತ್ತಿಗೆ ಮುಚ್ಚಿಹೋಗುತ್ತದೆ. ಅವನು ಎಲ್ಲಿ ಮಲಗಿದ, ಯಾರು ಹುಡುಕಿಕೊಂಡು ಬಂದರು, ಆರು ತಿಂಗಳ ನಂತರ ಇದ್ದಾನೋ ಇಲ್ಲವೋ ಎಂದು ಕಳಿಸಿದ ಕಚೇರಿ ಸಾಮಾನ್ಯವಾಗಿ ಕೇಳುವುದಿಲ್ಲ. ಕೇಳಬೇಕೆಂಬ ನಿಯಮವೊಂದಿದ್ದರೆ, ಉತ್ತರ ಕಡತಕ್ಕೆ ಸೇರಲೇಬೇಕೆಂದಿದ್ದರೆ, ಮುಂದಿನ ಅರ್ಜಿಯ ಮೇಲೆ ‘ಅಪಾಯವಿಲ್ಲ’ ಎಂದು ಬರೆಯುವ ಕೈ ಒಂದು ಕ್ಷಣವಾದರೂ ತಡೆಯುತ್ತಿತ್ತು. ಆ ಒಂದು ಕ್ಷಣದ ತಡೆ ಕೇಳುವುದು ದೊಡ್ಡ ಬೇಡಿಕೆಯೇನಲ್ಲ.