ತಪ್ಪುಕಾಣಿಕೆ ಯಾರಿಗೆ?

ನನಗಾಗ ಹನ್ನೊಂದು ವರ್ಷ. 1969ರ ಮಳೆಗಾಲ ಮುಗಿದ ಹೊಸತು. ಮಲೆನಾಡಿನ ನಮ್ಮ ಮನೆಯ ಜಗಲಿಯಲ್ಲಿ ಐದಾರು ಮಂದಿ ಹಿರಿಯರು ಕಂಬಳಿಯ ಮೇಲೆ ಕೂತಿದ್ದರು. ನಡುವೆ ಎಲೆಯಡಿಕೆಯ ತಟ್ಟೆ. ಚಿಕ್ಕಮ್ಮನ ತಂದೆ ಮಗಳ ಪರವಾಗಿ ಇಬ್ಬರನ್ನು ಕರೆದುಕೊಂಡು ಬಂದಿದ್ದರು. ಚಿಕ್ಕಪ್ಪ ಕಂಬಕ್ಕೆ ಒರಗಿ ಅಡಿಕೆ ಕತ್ತರಿಸುತ್ತಿದ್ದರು. ಚಿಕ್ಕಮ್ಮ ಬಾಗಿಲ ಹಿಂದೆ ನಿಂತಿದ್ದಳು. ಅವಳ ಬಲಗೈಗೆ ಬಿದಿರಿನ ದಬ್ಬೆ ಇಟ್ಟು ಬಟ್ಟೆ ಕಟ್ಟಿತ್ತು.

ಹಿರಿಯರೊಬ್ಬರು ನನ್ನನ್ನು ಕರೆದು, "ನೀನು ಹಿತ್ತಲಲ್ಲೇ ಇದ್ದೆಯಂತಲ್ಲ ಮಗಾ, ಏನಾಯಿತು ಹೇಳು" ಎಂದರು. ನಾನು ಎಲ್ಲವನ್ನೂ ನೋಡಿದ್ದೆ. ಸೌದೆ ಎತ್ತಿದ್ದನ್ನೂ, ಚಿಕ್ಕಮ್ಮ ತಲೆಗೆ ಕೈ ಅಡ್ಡ ಹಿಡಿದದ್ದನ್ನೂ ನೋಡಿದ್ದೆ. ಆದರೆ ಬೆಳಿಗ್ಗೆಯೇ ಅಜ್ಜಿ ತಲೆ ಬಾಚುತ್ತಾ ಹೇಳಿಕೊಟ್ಟಿದ್ದರು. "ಚಿಕ್ಕಮ್ಮ ಪಾಚಿಯ ಮೇಲೆ ಜಾರಿ ಬಿದ್ದರು" ಎಂದುಬಿಟ್ಟೆ.

ಯಾರೂ ನಂಬಲಿಲ್ಲ, ಆದರೆ ಎಲ್ಲರಿಗೂ ಸಮಾಧಾನವಾಯಿತು. "ಏನೋ ಗಂಡಸಿನ ಸಿಟ್ಟು, ಹೆಂಗಸೂ ಎದುರಾಡಬಾರದು" ಎಂದು ಇಬ್ಬರಿಗೂ ಬುದ್ಧಿ ಹೇಳಿದರು. ಚಿಕ್ಕಪ್ಪ ಊರ ದೇವಸ್ಥಾನಕ್ಕೆ ಹನ್ನೊಂದೂಕಾಲು ರೂಪಾಯಿ ತಪ್ಪುಕಾಣಿಕೆ ಹಾಕುವುದೆಂದು ತೀರ್ಮಾನವಾಯಿತು. ರಾಜಿ ಮುಗಿಯಿತು. ಎಲ್ಲರೂ ಕಾಫಿ ಕುಡಿದರು. ಆ ಕಾಫಿ ತಂದುಕೊಟ್ಟವಳು ಎಡಗೈಯಲ್ಲಿ ತಟ್ಟೆ ಹಿಡಿದ ಚಿಕ್ಕಮ್ಮ.

ಮುರಿದದ್ದು ಚಿಕ್ಕಮ್ಮನ ಕೈ, ಕಾಣಿಕೆ ಮಾತ್ರ ದೇವರಿಗೆ. ಈ ಲೆಕ್ಕ ಸರಿಯಿಲ್ಲವೆಂದು ನನಗೆ ಹೊಳೆಯಲು ಎಷ್ಟೋ ವರ್ಷ ಹಿಡಿಯಿತು.

ಶಾಲೆಯ ಕೆಲಸದಿಂದ 2018ರಲ್ಲಿ ನಿವೃತ್ತಳಾದ ಮೇಲೆ ನಮ್ಮ ಪಟ್ಟಣದ ಒಂದು ಸಲಹಾ ಕೇಂದ್ರಕ್ಕೆ ವಾರಕ್ಕೆರಡು ದಿನ ಹೋಗುತ್ತೇನೆ. ಹೇಳಿಕೆ ಬರೆದುಕೊಳ್ಳುವುದು ನನ್ನ ಕೆಲಸ. ಮೊದಲ ದಿನಗಳಲ್ಲಿ ಅಲ್ಲಿಯೂ ನಡೆಯುವುದು ಜಗಲಿಯ ರಾಜಿಯೇ ಇರಬೇಕೆಂದುಕೊಂಡಿದ್ದೆ. ನನ್ನ ಅಂದಾಜನ್ನು ಬದಲಾಯಿಸಿದವಳು ಹೊಲಿಗೆ ಮಾಡಿ ಮನೆ ನಡೆಸುವ ಒಬ್ಬ ಹೆಣ್ಣುಮಗಳು.

ಅವಳ ಗಂಡ ಮೈದುನನ ಮನೆಯ ಗೃಹಪ್ರವೇಶದ ದಿನ ಊಟದ ಪಂಕ್ತಿಯ ನಡುವೆ ಅವಳ ಕೆನ್ನೆಗೆ ಹೊಡೆದಿದ್ದ. ಮೊದಲ ಸಲವೇನಲ್ಲ, ಜನರೆದುರು ಮಾತ್ರ ಮೊದಲ ಸಲ. ನಮ್ಮ ಹಿರಿಯ ಸಲಹೆಗಾರ್ತಿ ಮೊದಲು ಕೇಳಿದ್ದು "ಇವತ್ತು ರಾತ್ರಿ ಎಲ್ಲಿ ಮಲಗುತ್ತೀರಿ? ಅಲ್ಲಿ ಭಯವಿಲ್ಲವೇ?" ಎಂದು. ಆಮೇಲೆ ಪೊಲೀಸ್ ದೂರು, ರಕ್ಷಣಾ ಆದೇಶ, ಜೀವನಾಂಶ, ಎಲ್ಲ ದಾರಿಗಳನ್ನೂ ವಿವರಿಸಿದರು. ಕೊನೆಗೆ, "ನಿಮಗೆ ಏನಾಗಬೇಕು?" ಎಂದರು.

ಅವಳು ಬಹಳ ಹೊತ್ತು ಸುಮ್ಮನಿದ್ದಳು. ನಂತರ ಹೇಳಿದಳು: "ನಾಲ್ಕು ಜನರೆದುರು ಹೊಡೀತಾರೆ ಮೇಡಂ, ಅಡುಗೆಮನೇಲಿ ಕ್ಷಮೆ ಕೇಳ್ತಾರೆ. ಹೊಡೆದ ಜಾಗದಲ್ಲೇ ಹೇಳಲಿ."

ಈ ಮಾತನ್ನು ಬರೆದುಕೊಳ್ಳುವಾಗ ನನ್ನ ಕೈ ಒಂದು ಕ್ಷಣ ನಿಂತಿತು.

ಇಂಥ ನ್ಯಾಯಕ್ಕೆ ಹೊರದೇಶಗಳಲ್ಲಿ ರೆಸ್ಟೋರೇಟಿವ್ ಜಸ್ಟಿಸ್ ಎನ್ನುತ್ತಾರೆ. ಮುರಿದದ್ದನ್ನು ಸರಿಪಡಿಸುವ ನ್ಯಾಯ ಎಂದುಕೊಳ್ಳೋಣ. 1974ರಲ್ಲಿ ಕೆನಡಾದ ಎಲ್ಮಿರಾ ಎಂಬ ಊರಿನಲ್ಲಿ ಇಬ್ಬರು ಹುಡುಗರು ಕುಡಿದು 22 ಕಡೆ ಜನರ ಆಸ್ತಿ ಹಾಳುಮಾಡಿದ್ದರು. ಅವರು ಮನೆಮನೆಗೆ ಹೋಗಿ, ನಷ್ಟವಾದವರ ಮುಖ ನೋಡಿ ತಪ್ಪೊಪ್ಪಿಕೊಂಡು ಹಣ ತೆರಬೇಕಾಯಿತು. ಈ ವಿಚಾರ ಆಮೇಲೆ ಅನೇಕ ದೇಶಗಳಿಗೆ ಹರಡಿತು. ಯಾವ ಕಾನೂನು ಮುರಿಯಿತು, ಶಿಕ್ಷೆ ಎಷ್ಟು ಎಂಬುದರ ಬದಲು, ಯಾರಿಗೆ ನೋವಾಯಿತು, ಅವರಿಗೆ ಏನು ಬೇಕು, ಅದನ್ನು ಕೊಡಬೇಕಾದವರು ಯಾರು ಎಂದು ಅದು ಕೇಳುತ್ತದೆ.

ಆದರೆ ಒಡೆದ ಕಿಟಕಿಯೂ ಹೆಂಡತಿಯ ಮೈಯೂ ಒಂದೇ ಅಲ್ಲ. ಕಿಟಕಿ ಒಡೆದ ಹುಡುಗರು ರಾತ್ರಿ ಅದೇ ಮನೆಯಲ್ಲಿ ಮಲಗುವುದಿಲ್ಲ. ಹೊಡೆಯುವ ಗಂಡನ ಎದುರು ಕೂತ ಹೆಂಗಸು "ಆಯಿತು" ಎಂದರೆ, ಅದು ಒಪ್ಪಿಗೆಯೋ ಭಯವೋ ಹೇಳುವುದು ಕಷ್ಟ. ಅದಕ್ಕೇ ಅನೇಕ ಮಹಿಳಾ ಸಂಘಟನೆಗಳಿಗೆ ರಾಜಿ ಎಂಬ ಪದವೇ ಆಗದು. ಅತ್ಯಾಚಾರದ ಪ್ರಕರಣಗಳಲ್ಲಿ ರಾಜಿಯ ಮಾತನ್ನೇ ಎತ್ತಕೂಡದೆಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿತು. ಅದು ಸರಿಯೇ. ನಮ್ಮ ಜಗಲಿಯಲ್ಲಿ ಕೂತವಳು ನಾನು, ರಾಜಿಯ ಬೆಲೆ ನನಗೆ ಗೊತ್ತು.

ಹಾಗಾದರೆ ಎರಡಕ್ಕೂ ವ್ಯತ್ಯಾಸವೆಲ್ಲಿ? 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಗೆ 2006ರಲ್ಲಿ ಮಾಡಿದ ನಿಯಮಗಳಲ್ಲಿ ನನಗೆ ಬಹಳ ಹಿಡಿಸಿದ ಒಂದು ಮಾತಿದೆ. ನ್ಯಾಯಾಲಯ ಸಮಾಲೋಚನೆಗೆ ಕಳಿಸಿದಾಗ, ಆ ಕೋಣೆಯಲ್ಲಿ ಗಂಡ ತಾನು ಹೊಡೆದದ್ದಕ್ಕೆ ಸಮರ್ಥನೆ ಕೊಡುವ ಹಾಗಿಲ್ಲ. ಇನ್ನು ಹಿಂಸೆ ಮಾಡುವುದಿಲ್ಲವೆಂದು ಅವನು ಮುಚ್ಚಳಿಕೆಯನ್ನೂ ಕೊಡಬೇಕು. ಸಾರು ತಣ್ಣಗಿತ್ತು, ಎದುರುತ್ತರ ಕೊಟ್ಟಳು ಎಂಬುದಕ್ಕೆಲ್ಲ ಅಲ್ಲಿ ಜಾಗವಿಲ್ಲ. ನಮ್ಮ ಜಗಲಿಯಲ್ಲಿ ನಡೆದದ್ದು ಬರೀ ಸಮರ್ಥನೆಯೇ.

ಗುಜರಾತಿನ ವಡೋದರಾ ಜಿಲ್ಲೆಯಲ್ಲಿ 1995ರಲ್ಲಿ ಮಹಿಳಾ ಸಮಾಖ್ಯಾದ ಹೆಂಗಸರು ನಾರಿ ಅದಾಲತ್ ಶುರುಮಾಡಿದ್ದೂ ಇದೇ ಕಾರಣಕ್ಕೆ. ಮಹಿಳಾ ಸಮಾಖ್ಯಾ ನಮ್ಮ ಕರ್ನಾಟಕದಲ್ಲೂ 1989ರಿಂದ ಹಳ್ಳಿಗಳಲ್ಲಿ ಸಂಘ ಕಟ್ಟಿದ ಕಾರ್ಯಕ್ರಮ. ಆ ಅದಾಲತ್ತಿಗೆ ಕಾನೂನಿನ ಅಧಿಕಾರವಿರಲಿಲ್ಲ. ನಡೆಸುತ್ತಿದ್ದವರಲ್ಲಿ ಹೆಚ್ಚು ಓದಿಲ್ಲದವರೇ ಬಹಳ. ಆದರೆ ಗೋಡೆಯ ಹಿಂದೆ ನಡೆದದ್ದನ್ನು ಅವರು ಬಯಲಿಗೆ ತಂದರು. ಬಾಗಿಲ ಹಿಂದೆ ನಿಲ್ಲುತ್ತಿದ್ದವಳು ನಡುವೆ ಕೂತು ಮಾತಾಡಿದಳು.

ನಮ್ಮ ಹೊಲಿಗೆಯ ಹೆಣ್ಣುಮಗಳ ವಿಷಯಕ್ಕೆ ಬರುತ್ತೇನೆ. ಹಿರಿಯ ಸಲಹೆಗಾರ್ತಿ ಗಂಡನನ್ನು ಬೇರೆಯಾಗಿಯೇ ಮೂರು ಸಲ ಕರೆಸಿದರು. ಮೊದಲ ದಿನ ಅವನು, "ಸಿಟ್ಟಿನಲ್ಲಿ ಕೈ ತಾಗಿತು" ಎಂದ. "ಕೈ ತಾನಾಗಿ ತಾಗುವುದಿಲ್ಲ" ಎಂದು ಅವರು ಎದ್ದುಬಿಟ್ಟರು. ಎರಡನೆಯ ದಿನ, "ಹೊಡೆದೆ, ಆದರೆ..." ಎಂದ. "ಆದರೆ ಬಿಟ್ಟು ಬನ್ನಿ" ಎಂದು ವಾಪಸು ಕಳಿಸಿದರು. ಮೂರನೆಯ ಸಲ ತಲೆ ತಗ್ಗಿಸಿ, "ಹೊಡೆದೆ. ತುಂಬಾ ಸಲ ಹೊಡೆದಿದ್ದೇನೆ" ಎಂದ. ಅಷ್ಟಾದ ಮೇಲೆ ಅವಳನ್ನು ಮತ್ತೆ ಒಬ್ಬಳನ್ನೇ ಕೂರಿಸಿ, ಎದುರುಬದುರು ಕೂರುವುದು ಈಗಲೂ ಬೇಕೇ ಎಂದು ಕೇಳಿದರು. ಬೇಕು ಎಂದಳು. ಯಾರಿರಬೇಕೆಂದು ಪಟ್ಟಿ ಮಾಡಿದವಳೂ ಅವಳೇ: ಅತ್ತೆ, ಮೈದುನ, ಪಕ್ಕದ ಮನೆಯ ಅಜ್ಜಿ, ತನ್ನಣ್ಣ.

ಗೃಹಪ್ರವೇಶವಾದ ಆ ಮನೆಯಲ್ಲೇ, ಅವರೆಲ್ಲರೆದುರು ಅವನು ಹೇಳಿದ. ಅವಳು ಕೇಳಿದ್ದೆಲ್ಲ ಕಾಗದದ ಮೇಲೆ ಬಂತು. ಅವಳ ಗಿರವಿ ಇಟ್ಟ ಸರವನ್ನು ಅವನು ಬಿಡಿಸಿಕೊಡಬೇಕು. ಆರು ತಿಂಗಳು ತಾಯಿಯ ಮನೆಯಲ್ಲಿರಬೇಕು, ಮಕ್ಕಳ ಖರ್ಚು ತಪ್ಪಿಸಬಾರದು. ಪಕ್ಕದ ಮನೆಯ ಅಜ್ಜಿ ವಾರಕ್ಕೊಮ್ಮೆ ವಿಚಾರಿಸಬೇಕು. ಸಹಿ ಮಾಡಿದ ದೂರೊಂದು ಅವಳ ಬಳಿಯೇ ಇರುತ್ತದೆ, ಮತ್ತೆ ಕೈ ಎತ್ತಿದರೆ ಅದು ಠಾಣೆಗೆ ಹೋಗುತ್ತದೆ.

ಎಲ್ಲ ಸುಖವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಸರ ಬಂತು, ಆರು ತಿಂಗಳೂ ಕಳೆಯಿತು. ಆದರೆ ಅವಳು ಅವನನ್ನು ಮನೆಗೆ ಕರೆಯಲಿಲ್ಲ. ಭಾನುವಾರ ಬಂದು ಮಕ್ಕಳನ್ನು ನೋಡಿಕೊಂಡು ಹೋಗುತ್ತಾನೆ. "ಕ್ಷಮೆ ಕೇಳಿದ ಮೇಲೂ ಯಾಕೆ ಹೀಗೆ?" ಎಂದು ಅತ್ತೆ ಕೇಳಿದರಂತೆ. "ಕೇಳೋದು ಅವರ ಸಾಲ, ಕೊಡೋದು ನನ್ನಿಷ್ಟ" ಎಂದಳಂತೆ. ಸಂಸಾರ ಕೂಡಿಸುವುದಷ್ಟೇ ನ್ಯಾಯ ಎಂದುಕೊಂಡಿದ್ದ ನಾನು ಅಂದು ಅವಳಿಂದ ಪಾಠ ಕಲಿತೆ.

ಆ ವರ್ಷ ದೀಪಾವಳಿಗೆ ಊರಿಗೆ ಹೋದೆ. ಚಿಕ್ಕಪ್ಪ ತೀರಿಕೊಂಡು ವರ್ಷಗಳಾಗಿವೆ. ಚಿಕ್ಕಮ್ಮ ಅಂಗಳದಲ್ಲಿ ರಂಗೋಲಿ ಇಡುತ್ತಿದ್ದಳು. ಸರಿಯಾಗಿ ಕೂಡದ ಆ ಮಣಿಕಟ್ಟಿನಿಂದ ಎಳೆ ಇಂದಿಗೂ ಸ್ವಲ್ಪ ಸೊಟ್ಟ. ಪಕ್ಕದಲ್ಲಿ ಕೂತು, ಎಂದೂ ಆಡದ ಮಾತನ್ನು ಆಡಿದೆ. "ಚಿಕ್ಕಮ್ಮಾ, ಅವತ್ತು ನಾನು ಸುಳ್ಳು ಹೇಳಿದೆ. ನೀನು ಜಾರಿ ಬೀಳಲಿಲ್ಲ."

ಅವಳು ಎಳೆ ಮುಗಿಸಿ ತಲೆಯೆತ್ತಿದಳು. "ಅವತ್ತು ನಿನಗೆ ಹನ್ನೊಂದು ವರ್ಷ ಕಣೇ. ಅಲ್ಲಿ ಕೂತಿದ್ದವರಿಗೆಲ್ಲ ಐವತ್ತು ದಾಟಿತ್ತು" ಎಂದಳು.

ಆಮೇಲೆ ನಮ್ಮ ಕೇಂದ್ರದಲ್ಲಿ ಕೇಳುವ ಪ್ರಶ್ನೆಯನ್ನೇ ಕೇಳಿದೆ. "ಅವತ್ತು ನಿನಗೆ ಏನಾಗಬೇಕಿತ್ತು?"

"ಯಾರು ಕೇಳಿದ್ರು?" ಎಂದು ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ ಹೇಳಿದಳು: "ಕೈ ಕೂಡೋ ತನಕ ಅವರೇ ಬಾವಿಯಿಂದ ನೀರು ಸೇದಲಿ ಅನ್ನಿಸಿತ್ತು. ಬಾವಿಕಟ್ಟೆ ಊರಿಗೆಲ್ಲ ಕಾಣುತ್ತಲ್ಲ."

ಅಷ್ಟೇ. ಐವತ್ತು ವರ್ಷಗಳಿಂದ ಅವಳು ಮನಸ್ಸಿನಲ್ಲಿಟ್ಟುಕೊಂಡಿದ್ದ ತೀರ್ಪು ಅದು. ನಮ್ಮ ಹಿರಿಯರು ಒಂದು ಮಾತು ಒಳಗೆ ತಿರುಗಿ ಕೇಳಿದ್ದರೆ ಸಾಕಿತ್ತು.

ನಾನು ಅವಳ ಕೈಯಿಂದ ರಂಗೋಲಿ ಬಟ್ಟಲು ತೆಗೆದುಕೊಂಡೆ. ಉಳಿದ ಎಳೆಗಳನ್ನು ಅವಳು ಹೇಳಿದಂತೆ ಎಳೆದೆ.