ಇಳೆಯರಾಜರ ಶ್ಯಾಮಲೆಯರು

ಚಿತ್ರವಿದ್ಯೆಗೆ ಆರು ಅಂಗಗಳುಂಟೆಂದು ಕಾಮಸೂತ್ರದ ವ್ಯಾಖ್ಯಾನಕಾರನಾದ ಯಶೋಧರನು ಎಣಿಸಿರುವನು. ಅವುಗಳಲ್ಲಿ ಲಾವಣ್ಯಯೋಜನವೆಂಬುದೊಂದು, ಸಾದೃಶ್ಯವೆಂಬುದು ಮತ್ತೊಂದು. ಬರೆದುದು ಚೆಲುವಾಗಿರಬೇಕು, ಇದ್ದುದು ಇದ್ದಂತೆಯೂ ಇರಬೇಕು. ಕಪ್ಪು ಮೈಬಣ್ಣದ ಹೆಣ್ಣನ್ನು ಬರೆಯುವಾಗ ಮಾತ್ರ ನಮ್ಮವರು ಸಾದೃಶ್ಯವನ್ನು ಬಿಟ್ಟು ಲಾವಣ್ಯವನ್ನು ಅರಸುವುದು ವಾಡಿಕೆಯಾಗಿದೆ. ಮೈಬಣ್ಣದಿಂದಲೇ ಕೃಷ್ಣೆಯೆಂದು ಭಾರತವು ಹೆಸರಿಸಿದ ದ್ರೌಪದಿಯೂ ಎಷ್ಟೋ ಪಟಗಳಲ್ಲಿ ಗೌರವರ್ಣದವಳೇ ಆಗಿರುವಳು!

ಈ ವಾಡಿಕೆಯನ್ನು ಮುರಿದವರಲ್ಲಿ ತಮಿಳುನಾಡಿನ ಚಿತ್ರಕಾರರಾದ ಇಳೆಯರಾಜರು ಒಬ್ಬರು. ಕುಂಭಕೋಣದ ಸಮೀಪದ ಹಳ್ಳಿಯೊಂದರಲ್ಲಿ 1979ರಲ್ಲಿ ಜನಿಸಿ, ಕುಂಭಕೋಣ ಮತ್ತು ಚೆನ್ನೈಗಳ ಸರ್ಕಾರಿ ಕಲಾಶಾಲೆಗಳಲ್ಲಿ ಓದಿ, ವಿಖ್ಯಾತರಾದ ಈ ಮಹನೀಯರು 2021ರ ಜೂನ್ ತಿಂಗಳಲ್ಲಿ ಕೋವಿಡ್ ವ್ಯಾಧಿಯಿಂದ ಅಕಾಲದಲ್ಲಿ ತೀರಿಕೊಂಡುದು ಕಲಾಲೋಕದ ದುರ್ದೈವ.

ಇವರ ಚಿತ್ರಗಳನ್ನು ಮೊದಲ ಸಲ ನೋಡಿದವರು ಛಾಯಾಚಿತ್ರವೆಂದೇ ಭ್ರಮಿಸುವರು. ಹಳೆಯ ಮನೆಯ ಮರದ ಕಂಬ, ತಿಕ್ಕಿ ಬೆಳಗಿದ ಹಿತ್ತಾಳೆಯ ಪಾತ್ರೆ, ಮುಡಿಯಲ್ಲಿ ಮಲ್ಲಿಗೆ, ಬಾಗಿಲಿನಿಂದ ಓರೆಯಾಗಿ ಬಿದ್ದ ಬಿಸಿಲು; ಆ ಬಿಸಿಲಿನಲ್ಲಿ ಹೊಳೆಯುವ ಶ್ಯಾಮಲವಾದ ಕೆನ್ನೆ. ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ತಾನು ಬರೆದ ಶಕುಂತಲೆಯ ಚಿತ್ರವನ್ನು ನೋಡಿ, ಮಾಲಿನೀನದಿಯನ್ನೂ ಆಶ್ರಮದ ಮರವನ್ನೂ ಇನ್ನೂ ಬರೆಯಬೇಕಾಗಿದೆಯೆಂದು ಹೇಳುವನಷ್ಟೆ. ಹೆಣ್ಣು ತಾನು ಬಾಳಿದ ಎಡೆಯೊಡನೆಯೇ ಪೂರ್ಣಳೆಂಬುದನ್ನು ಆ ರಾಜನಂತೆ ಈ ಇಳೆಯರಾಜರೂ ಅರಿತಿದ್ದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಹಳದಣಕರರ ದೀಪಧಾರಿಣಿಗೆ ಕೈದೀಪವೇ ಬೆಳಕು. ಇವರ ಹೆಂಗಸರಿಗೋ ದಿನದಿನದ ಬಿಸಿಲೇ ಸಾಕು.

ಹಳ್ಳಿಯ ಬಾಳಿನ ದಣಿವನ್ನು ಇವರು ಮರೆಯಿಸಿ, ಎಲ್ಲವನ್ನೂ ಅಂದಗೊಳಿಸಿದರೆಂದು ಕೆಲವರು ಆಕ್ಷೇಪಿಸಬಹುದು. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಅಂದವೆಂಬುದು ಯಾರಿಗೆ ಸಲ್ಲದೆಂದು ಲೋಕವು ನಿರ್ಣಯಿಸಿತ್ತೋ ಅವರಿಗೇ ಅದನ್ನು ಸಲ್ಲಿಸುವುದು ಅಲ್ಪಕಾರ್ಯವಲ್ಲ.

ನಮ್ಮ ಬಂಧುಗಳ ಮನೆಯ ಕನ್ಯೆಯೊಬ್ಬಳು ವಿದ್ಯಾವತಿ, ಗುಣವತಿ. ವರನ ಕಡೆಯವರು “ಬಣ್ಣ ಸ್ವಲ್ಪ ಕಡಮೆ” ಎಂದು ಹೇಳಿ ಕಳುಹಿಸಿದರು. ಮುಂದಿನ ಸಂಬಂಧಕ್ಕೆಂದು ಮನೆಯವರು ಅವಳ ಭಾವಚಿತ್ರವನ್ನು ಬಿಳುಪುಗೊಳಿಸಿದರು. ಒಂದು ಸಂಜೆ ನಾನು ಇಳೆಯರಾಜರ ಚಿತ್ರವೊಂದನ್ನು ಅವಳಿಗೆ ತೋರಿಸಿದೆನು. ಬಹಳ ಹೊತ್ತು ಸುಮ್ಮನೆ ನೋಡಿ, “ಇವಳನ್ನು ಯಾರೂ ತೊಳೆದಿಲ್ಲವಲ್ಲ, ತಾತ” ಎಂದಳು. ವ್ಯಾಖ್ಯಾನಗಳನ್ನು ಓದಿದ ನನಗೆ ಅದಕ್ಕಿಂತ ಮೇಲಾದ ವಿಮರ್ಶೆಯು ತೋರಲಿಲ್ಲ.

ಹೆಣ್ಣುಮಕ್ಕಳುಳ್ಳ ಗೃಹಸ್ಥರು ಇಂತಹ ಒಂದು ಚಿತ್ರದ ಪ್ರತಿಯನ್ನು ನಡುಮನೆಯಲ್ಲಿ ತೂಗುಹಾಕಲಿ. ಕನ್ನಡಿಯು ಹೇಳಲಾರದ ಮಾತನ್ನು ಅದು ಮಕ್ಕಳಿಗೆ ಹೇಳೀತು, ಹಿರಿಯರಿಗೂ ಹೇಳೀತು.